ಕುಂಡದ ಖಾತೆಯಲ್ಲಿ ಉಳಿದ ಉಪ್ಪು

ಮನೆಯ ಮುಂದೆ ನಾಲ್ಕು ಹೂಕುಂಡಗಳನ್ನು ಇಟ್ಟುಕೊಳ್ಳದ ಗೃಹಿಣಿ ನಮ್ಮ ಸಮಾಜದಲ್ಲಿ ಅಪರೂಪ. ಬೆಂಗಳೂರಿನ ಚಿಕ್ಕಪೇಟೆಯ ಮಹಡಿ ಮನೆಯಾಗಲಿ, ಹುಬ್ಬಳ್ಳಿಯಲ್ಲಿ ಅಂಗಡಿಗೆ ಅಂಟಿಕೊಂಡ ಹಿಂಬದಿಯ ಮನೆಯಾಗಲಿ, ಒಂದು ಮಲ್ಲಿಗೆ, ಒಂದು ದಾಸವಾಳ, ಒಂದು ಗುಲಾಬಿ ಇದ್ದೇ ಇರುತ್ತದೆ. ಬೆಳಗ್ಗೆ ಎದ್ದು ಅವುಗಳಿಗೆ ಒಂದೊಂದು ಚೊಂಬು ನೀರು ಹಾಕಿದ ಮೇಲೆಯೇ ಮುಂದಿನ ಕೆಲಸ. ಆದರೂ ಎರಡು ವರ್ಷ ಚೆನ್ನಾಗಿದ್ದ ಗಿಡ ಮೂರನೆಯ ವರ್ಷ ಸೊರಗುತ್ತದೆ. ಗೊಬ್ಬರ ಸಾಲದೇನೋ ಎಂದು ಇನ್ನಷ್ಟು ಹಾಕುತ್ತೇವೆ. ಮತ್ತೂ ಸೊರಗುತ್ತದೆ. ಕೊನೆಗೆ "ನನ್ನ ಕೈಗುಣವೇ ಸರಿಯಿಲ್ಲ" ಎಂದು ನಿಟ್ಟುಸಿರುಬಿಟ್ಟು ಗಿಡವನ್ನು ಕಿತ್ತೆಸೆಯುತ್ತೇವೆ.

ಅದು ಕೈಗುಣದ ಮಾತಲ್ಲ, ಲೆಕ್ಕದ ಮಾತು. ಇದನ್ನು ನಾನು ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ. ನನ್ನ ತಾಯಿ ಕೊಟ್ಟ ಮಲ್ಲಿಗೆ ಗಿಡವನ್ನು ಸಾವಿನ ಬಾಗಿಲವರೆಗೂ ಕಳಿಸಿ ಕಲಿತೆ. ಪುಸ್ತಕಗಳನ್ನು ಓದಿದ್ದು ಆಮೇಲೆ.

ಕಾಡಿನ ನಡುವೆ ಕುಂಡ

ನಮ್ಮದು ಹಾಸನೂರು. ಸತ್ಯಮಂಗಲದಿಂದ ಬಣ್ಣಾರಿ ದಾಟಿ, 27 ಹೇರ್‌ಪಿನ್ ತಿರುವುಗಳ ದಿಂಬಂ ಘಾಟಿ ಹತ್ತಿದರೆ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಊರು. ಜಿಲ್ಲೆ ಈರೋಡು, ರಾಜ್ಯ ತಮಿಳುನಾಡು, ಮಾತು ಕನ್ನಡ. 1956ರಲ್ಲಿ ರಾಜ್ಯಗಳನ್ನು ವಿಂಗಡಿಸಿದಾಗ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿಯ ಸೀಮೆ ಮದರಾಸಿನಲ್ಲೇ ಉಳಿಯಿತು. ಹಾಗಾಗಿ ನಮ್ಮ ಅಂಗಡಿಯ ಬೋರ್ಡು ಒಂದು ಭಾಷೆ, ಗಿರಾಕಿಯ ಮಾತು ಇನ್ನೊಂದು ಭಾಷೆ.

ಸುತ್ತ ಕಾಡು. ಅಂಥ ಊರಿನಲ್ಲಿ ಕುಂಡದಲ್ಲಿ ಗಿಡ ಯಾಕೆ, ನೆಲದಲ್ಲೇ ನೆಡಬಾರದೆ ಎಂದು ಬಂದ ನೆಂಟರೆಲ್ಲ ಕೇಳುತ್ತಾರೆ. ನೆಡಬಹುದು. ಆದರೆ ನೆಟ್ಟದ್ದು ನಮ್ಮ ಪಾಲಿಗೆ ಬರುವುದಿಲ್ಲ. ಕೋತಿಗೆ ದಾಸವಾಳದ ಮೊಗ್ಗು ಬೇಕು, ಜಿಂಕೆಗೆ ಗುಲಾಬಿಯ ಚಿಗುರು ಬೇಕು, ಆನೆಗೆ ಎಲ್ಲವೂ ಬೇಕು. 2013ರಲ್ಲಿ ಸತ್ಯಮಂಗಲದ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದು ಅವುಗಳ ಮನೆ, ನಾವು ಅಂಚಿನಲ್ಲಿ ಬಾಡಿಗೆಗೆ ಇದ್ದಂತೆ. ಆದ್ದರಿಂದ ನಾವು ಅಂಗಡಿಯ ಹಿಂದಿನ ಜಗಲಿಗೆ ಕಬ್ಬಿಣದ ಜಾಲರಿ ಹಾಕಿಸಿ, ಮೇಲೆ ಶೀಟು ಹೊದಿಸಿ, ಅದರೊಳಗೆ 12 ಕುಂಡಗಳನ್ನು ಸಾಲಾಗಿ ಇಟ್ಟೆವು. ಬೆಳಗಿನ ಬಿಸಿಲು ಓರೆಯಾಗಿ ಚೆನ್ನಾಗಿ ಬೀಳುತ್ತದೆ. ನೀರಿಗೆ ಪಕ್ಕದಲ್ಲೇ ಕೊಳವೆಬಾವಿಯ ನಲ್ಲಿ. ಇದಕ್ಕಿಂತ ಸುರಕ್ಷಿತ ಸ್ಥಳ ಗಿಡಗಳಿಗೆ ಇನ್ನೆಲ್ಲಿ ಎಂದು ನಾನು ಬೀಗಿದ್ದೆ.

ಆ ಸಾಲಿನ ಮೊದಲ ಕುಂಡ ಅಮ್ಮನ ಮಲ್ಲಿಗೆ. ಮೈಸೂರಿನ ತವರುಮನೆಯ ಹಿತ್ತಿಲಿನಿಂದ ಅಮ್ಮ ತಾವೇ ಟೊಂಗೆ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟದ್ದು. ಈಗ ಆ ಹಿತ್ತಿಲಿನ ಜಾಗದಲ್ಲಿ ಗೋದಾಮು ಬಂದಿದೆ. ಅಮ್ಮನೂ ಇಲ್ಲ. ಗಿಡ ಮಾತ್ರ ಉಳಿದಿತ್ತು.

2022ರ ಫೆಬ್ರವರಿಯಲ್ಲಿ ಘಾಟಿಯಲ್ಲಿ ರಾತ್ರಿಯ ವಾಹನ ಸಂಚಾರಕ್ಕೆ ನಿರ್ಬಂಧ ಬಂದ ಮೇಲೆ ನಮ್ಮ ಅಂಗಡಿ ಬೇಗ ಮುಚ್ಚತೊಡಗಿತು. ಸಂಜೆ ಬಿಡುವು ಸಿಕ್ಕಿತು. ಬಿಡುವು ಸಿಕ್ಕಾಗಲೇ ನಾನು ಗಿಡವನ್ನು ಸರಿಯಾಗಿ ನೋಡಿದ್ದು. ಎಲೆಯ ತುದಿಗಳು ಕಂದಾಗಿ ಸುಟ್ಟಂತಿದ್ದವು. ಕೆಳಗಿನ ಎಲೆಗಳು ಉದುರಿದ್ದವು. ಮೊಗ್ಗು ಸಾಸಿವೆ ಗಾತ್ರಕ್ಕೆ ಬಂದು ಒಣಗುತ್ತಿತ್ತು. ಮಣ್ಣಿನ ಮೇಲೆ, ಕುಂಡದ ಹೊರಮೈಯಲ್ಲಿ ಸುಣ್ಣ ಬಳಿದಂಥ ಬಿಳಿಯ ಪೊರೆ. ಗೊಬ್ಬರ ಮಾರುವ ಒಂದು ಅಂಗಡಿಯಲ್ಲಿ ವಿಚಾರಿಸಿದೆ. "ಊಟ ಸಾಲದು, ಇದನ್ನು ಹಾಕಿ" ಎಂದು ಒಂದು ಪೊಟ್ಟಣ ಕೊಟ್ಟರು. ತಾಯಿ ಹೃದಯ ನೋಡಿ, ಹೇಳಿದ್ದಕ್ಕಿಂತ ಒಂದು ಚಮಚ ಹೆಚ್ಚಾಗಿಯೇ ಹಾಕಿದೆ. ಎಂಟನೆಯ ದಿನಕ್ಕೆ ಅರ್ಧ ಗಿಡ ಕಪ್ಪಾಯಿತು.

ನಮ್ಮ ಅಂಗಡಿಯಲ್ಲಿ ಧಾನ್ಯ ಹಸನು ಮಾಡಲು ಬರುವ ಹಿರಿಯ ಹೆಂಗಸೊಬ್ಬರಿದ್ದಾರೆ. ಅದೇ ಮಲ್ಲಿಗೆಯ ಒಂದು ಟೊಂಗೆಯನ್ನು ಅವರಿಗೆ ಹಿಂದೆ ಕೊಟ್ಟಿದ್ದೆ. ಅವರು ಅದನ್ನು ತಳ ತೂತಾದ ಎಣ್ಣೆ ಡಬ್ಬದಲ್ಲಿ ನೆಟ್ಟು ಓಣಿಯೊಳಗಿನ ತಮ್ಮ ಮನೆಯ ಸೂರಿನಂಚಿಗೆ ಇಟ್ಟಿದ್ದರು. ಗೊಬ್ಬರವೆಂದರೆ ವರ್ಷಕ್ಕೊಮ್ಮೆ ಒಂದು ಹಿಡಿ ಹಳೆಯ ಸಗಣಿ ಪುಡಿ. ಆ ಗಿಡ ಹೂವಿನಿಂದ ತುಂಬಿತ್ತು! ನನ್ನ ಗಿಡವನ್ನು ನೋಡಿ ಅವರು ಹೇಳಿದ್ದು ಇಷ್ಟೇ: "ಇದು ಮಳೆ ಕಾಣದ ಗಿಡ ಕಣವ್ವ."

ಆ ಒಂದು ಮಾತಿನ ಸುತ್ತ ಈ ಲೇಖನವೆಲ್ಲ ಇದೆ.

ಜಮಾ ಉಂಟು, ಖರ್ಚು ಇಲ್ಲ

ವ್ಯಾಪಾರಸ್ಥರ ಮನೆಯವರಿಗೆ ಇದನ್ನು ತಿಳಿಸುವುದು ಸುಲಭ. ಕುಂಡವನ್ನು ಒಂದು ಖಾತೆಯೆಂದು ಎಣಿಸಿ. ನಾವು ಹಾಕುವ ನೀರಿನಲ್ಲಿ ಕಣ್ಣಿಗೆ ಕಾಣದಂತೆ ಕರಗಿದ ಲವಣಗಳಿರುತ್ತವೆ: ಸುಣ್ಣದ ಅಂಶ, ಮೆಗ್ನೀಷಿಯಂ, ಸೋಡಿಯಂ, ಕ್ಲೋರೈಡ್ ಇತ್ಯಾದಿ. ಗಿಡ ನೀರನ್ನು ಹೀರಿ ಎಲೆಯ ಮೂಲಕ ಆವಿಯಾಗಿ ಬಿಡುತ್ತದೆ. ಬಿಸಿಲಿಗೆ ಮಣ್ಣಿನಿಂದಲೂ ನೀರು ಆವಿಯಾಗುತ್ತದೆ. ಆವಿಯಾಗುವುದು ನೀರು ಮಾತ್ರ. ಲವಣದಲ್ಲಿ ಗಿಡ ತನಗೆ ಬೇಕಾದ ಸ್ವಲ್ಪವನ್ನು ತೆಗೆದುಕೊಂಡು ಉಳಿದದ್ದನ್ನು ಮಣ್ಣಿನಲ್ಲೇ ಬಿಡುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಗಟ್ಟಿ ಕಟ್ಟುತ್ತದಲ್ಲ, ಅದೇ ಕೆಲಸ ಕುಂಡದಲ್ಲೂ ನಡೆಯುತ್ತದೆ.

ಇದರ ಮೊತ್ತವೆಷ್ಟು? ನೀರಿನ ಲವಣ ಅಳೆಯುವ ಪೆನ್ನಿನಂಥ ಚಿಕ್ಕ ಉಪಕರಣವೊಂದು ಈಗ ಸುಲಭವಾಗಿ ಸಿಗುತ್ತದೆ. ಕುಡಿಯುವ ನೀರಿನ ಯಂತ್ರ ರಿಪೇರಿ ಮಾಡುವವರ ಜೇಬಿನಲ್ಲಿ ಇದ್ದೇ ಇರುತ್ತದೆ. ನಮ್ಮ ಕೊಳವೆಬಾವಿಯ ನೀರಿಗೆ ಅದ್ದಿದಾಗ ಲೀಟರಿಗೆ 820 ಮಿಲಿಗ್ರಾಂ ತೋರಿಸಿತು. ಕುಡಿಯುವ ನೀರಿನಲ್ಲಿ ಇದು 500ರೊಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಎಂದರೆ ನಮ್ಮದು ಕೆಟ್ಟ ನೀರೇನೂ ಅಲ್ಲ. ಆದರೆ ದಿನಕ್ಕೆ ಒಂದು ಲೀಟರಿನಂತೆ ವರ್ಷಕ್ಕೆ 365 ಲೀಟರು ಒಂದೇ ಕುಂಡಕ್ಕೆ ಹಾಕಿದರೆ, ತಳದಿಂದ ಏನೂ ಹೊರಹೋಗದಿದ್ದರೆ, ಒಳಗೆ ಕೂಡುವುದು ಸುಮಾರು 300 ಗ್ರಾಂ. ಬರೀ ನೀರಿನಿಂದ! ಅದರ ಮೇಲೆ ಗೊಬ್ಬರದ ಲೆಕ್ಕ ಬೇರೆ. ಇದರಲ್ಲಿ ಒಂದು ಪಾಲು ಸುಣ್ಣವಾಗಿ ಗಟ್ಟಿಯಾಗುತ್ತದೆ, ಉಳಿದದ್ದು ಮಣ್ಣಿನ ತೇವದಲ್ಲಿ ಕರಗಿಯೇ ಇರುತ್ತದೆ. ಐದು ವರ್ಷ ದಿನವೂ ಜಮಾ ಬರೆದು ಒಂದು ದಿನವೂ ಖರ್ಚು ಬರೆಯದ ಪುಸ್ತಕದಲ್ಲಿ ಶಿಲ್ಕು ಎಷ್ಟಾದೀತು, ನೀವೇ ಹೇಳಿ.

ಬಯಲಿನ ಗಿಡಕ್ಕೆ ಈ ಖರ್ಚಿನ ಕಲಮನ್ನು ಮಳೆ ಬರೆಯುತ್ತದೆ. ಮಳೆನೀರಿನಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ. ಒಂದು ಜೋರು ಮಳೆ ಬಿದ್ದರೆ ಕೂಡಿದ್ದನ್ನೆಲ್ಲ ಕರಗಿಸಿ ಬೇರಿನ ಕೆಳಗೆ ಇಳಿಸಿಬಿಡುತ್ತದೆ. ಸೂರಿನಂಚಿನ ಎಣ್ಣೆ ಡಬ್ಬಕ್ಕೆ ಬೇಸಿಗೆಯ ಮಳೆ, ಆಮೇಲೆ ಆಶ್ವಯುಜ ಕಾರ್ತಿಕದ ಮಳೆ, ಎರಡೂ ಧಾರೆಯಾಗಿ ಸುರಿಯುತ್ತಿತ್ತು. ನನ್ನ ಜಗಲಿಯ ಮೇಲೆ ಶೀಟು ಇತ್ತು. ಕೋತಿಯಿಂದ ಕಾಪಾಡಲು ಹೋಗಿ ಮಳೆಯಿಂದಲೂ ಕಾಪಾಡಿದ್ದೆ. ಅಷ್ಟು ಸಾಲದೆಂಬಂತೆ, ನೆಲ ಒದ್ದೆಯಾಗಬಾರದೆಂದು ಕುಂಡಗಳ ಕೆಳಗೆ ತಟ್ಟೆ ಇಟ್ಟಿದ್ದೆ. ಸ್ವಲ್ಪ ಉಪ್ಪು ತಳದಿಂದ ಇಳಿದರೂ ತಟ್ಟೆಯಲ್ಲಿ ನಿಂತು, ಸಂಜೆಯ ಹೊತ್ತಿಗೆ ಮಣ್ಣು ಅದನ್ನು ಮತ್ತೆ ಮೇಲಕ್ಕೆ ಹೀರುತ್ತಿತ್ತು. ಕೊಟ್ಟ ಸಾಲ ಬಡ್ಡಿ ಸಮೇತ ವಾಪಸು!

ಉಪ್ಪಿನಕಾಯಿಯ ನ್ಯಾಯ

ಉಪ್ಪು ಹೆಚ್ಚಾದರೆ ಗಿಡಕ್ಕೆ ಆಗುವುದೇನು? ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟರೆ ಮರುದಿನ ಅದು ನೀರು ಬಿಟ್ಟಿರುತ್ತದೆ. ಹೊರಗೆ ಉಪ್ಪು ಹೆಚ್ಚಿರುವ ಕಡೆಗೆ ಒಳಗಿನ ನೀರು ಹರಿಯುತ್ತದೆ. ಬೇರಿನ ಪಾಡೂ ಇದೇ. ಬೇರಿನೊಳಗಿನ ರಸಕ್ಕಿಂತ ಹೊರಗಿನ ಮಣ್ಣಿನ ನೀರು ತೆಳುವಾಗಿದ್ದರೆ ಮಾತ್ರ ನೀರು ಸಲೀಸಾಗಿ ಒಳಗೆ ಹೋಗುತ್ತದೆ. ಹೊರಗಿನದು ಗಟ್ಟಿಯಾದಷ್ಟೂ ಗಿಡ ನೀರಿಗಾಗಿ ಹೆಣಗಬೇಕು. ಕುಂಡದ ಮಣ್ಣು ಒದ್ದೆಯಾಗಿಯೇ ಇದೆ, ಗಿಡ ಮಾತ್ರ ಬಾಡಿದೆ ಎಂಬ ವಿಚಿತ್ರ ಇದರಿಂದಲೇ. ಬಾಯಾರಿದವನನ್ನು ಸಮುದ್ರದ ನಡುವೆ ಕೂರಿಸಿದಂತೆ. ಸೋಡಿಯಂ, ಕ್ಲೋರೈಡ್‌ಗಳು ಎಲೆಯ ತುದಿಯವರೆಗೆ ಹೋಗಿ ಅಲ್ಲಿ ಕೂಡಿಕೊಳ್ಳುವುದರಿಂದ ಮೊದಲು ಸುಡುವುದು ಎಲೆಯ ತುದಿ ಮತ್ತು ಅಂಚು.

ಈ ಸ್ಥಿತಿಯಲ್ಲಿ ಗೊಬ್ಬರ ಹಾಕಿದರೆ? ರಾಸಾಯನಿಕ ಗೊಬ್ಬರವೂ ಲವಣವೇ. ಪೊಟಾಷಿಗೆಂದು ಸಾಮಾನ್ಯವಾಗಿ ಮಾರುವ ಕೆಂಪು ಪುಡಿ, ಎಂದರೆ ಮ್ಯೂರಿಯೇಟ್ ಆಫ್ ಪೊಟಾಷ್, ಮಣ್ಣಿನ ಉಪ್ಪನ್ನು ಏರಿಸುವುದರಲ್ಲಿ ಮುಂಚೂಣಿಯಲ್ಲಿದೆ. ಅಜೀರ್ಣವಾದ ಮಗುವಿಗೆ ಹೋಳಿಗೆ ತುರುಕಿದ ಹಾಗೆ ನಾನು ಮಾಡಿದ್ದೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಸೊರಗಿದ ಗಿಡಗಳೆಲ್ಲ ಉಪ್ಪಿನಿಂದಲೇ ಸೊರಗಿದವು ಎಂದುಕೊಳ್ಳಬಾರದು. ಎಲೆಯ ನರಗಳು ಹಸಿರಾಗಿದ್ದು ನಡುವಿನ ಭಾಗ ಹಳದಿಯಾಗಿದ್ದರೆ, ಅದರಲ್ಲೂ ಹೊಸ ಚಿಗುರಿನಲ್ಲಿ ಹಾಗೆ ಕಂಡರೆ, ಅದು ಕಬ್ಬಿಣದ ಕೊರತೆ. ಗಡಸು ನೀರಿನ ಸುಣ್ಣದಿಂದ ಮಣ್ಣು ಕ್ಷಾರವಾದಾಗ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಅದಕ್ಕೆ ಚೀಲೇಟ್ ರೂಪದ ಕಬ್ಬಿಣ ಬೇಕೇ ಹೊರತು ಸಾರಜನಕದ ಗೊಬ್ಬರವಲ್ಲ. ಕುಂಡದ ತಳದ ತೂತು ಮುಚ್ಚಿ ಬೇರು ಕೊಳೆತಿದ್ದರೆ ಮಣ್ಣು ನಾರುತ್ತದೆ. ಅದರ ಚಿಕಿತ್ಸೆಯೇ ಬೇರೆ. ತುದಿ ಸುಟ್ಟ ಎಲೆ, ಬಿಳಿ ಪೊರೆ, ಒದ್ದೆ ಮಣ್ಣಿನಲ್ಲೂ ಬಾಡುವಿಕೆ, ಈ ಮೂರೂ ಒಟ್ಟಿಗೆ ಕಂಡರೆ ಉಪ್ಪೆಂದು ಧಾರಾಳವಾಗಿ ಹೇಳಬಹುದು.

ತೊಳೆಯುವ ಕ್ರಮ

ಮೊದಲು ಮಣ್ಣಿನ ಮೇಲಿನ ಬಿಳಿ ಪೊರೆಯನ್ನು ಚಮಚದಿಂದ ಮೆಲ್ಲಗೆ ಕೆರೆದು ತೆಗೆಯಿರಿ. ಕಾಲಂಗುಲಕ್ಕಿಂತ ಆಳ ಕೆರೆಯಬೇಡಿ, ಸಣ್ಣ ಬೇರುಗಳು ಅಲ್ಲೇ ಇರುತ್ತವೆ. ತಳದ ತೂತಿಗೆ ಕಡ್ಡಿ ಹಾಕಿ ತೆರೆದಿದೆಯೇ ನೋಡಿ. ಕುಂಡವನ್ನು ಎರಡು ಇಟ್ಟಿಗೆಗಳ ಮೇಲೆ ಎತ್ತಿಡಿ.

ನಮ್ಮವರು ಮರೆಯದೆ ನೋಡಬೇಕಾದದ್ದು ಇನ್ನೊಂದಿದೆ. ಒಣಗಿದ ಕುಂಡದಲ್ಲಿ ಇರುವೆಗಳು ಗೂಡು ಕಟ್ಟಿರುತ್ತವೆ. ಒಮ್ಮೆಗೇ ನೀರು ಸುರಿದರೆ ಅವೆಲ್ಲ ಮುಳುಗುತ್ತವೆ. ಅಂಥ ಕುಂಡವನ್ನು ಅಂದೇ ತೊಳೆಯಬೇಡಿ. ನಾಲ್ಕೈದು ದಿನ ಬೆಳಗ್ಗೆ ಸ್ವಲ್ಪ ಸ್ವಲ್ಪ ನೀರು ಚಿಮುಕಿಸಿ ಮಣ್ಣನ್ನು ತೇವವಾಗಿಡಿ. ತೇವ ಹಿಡಿಸದೆ ಅವು ತಾವಾಗಿಯೇ ಮೊಟ್ಟೆ ಹೊತ್ತು ಬೇರೆಡೆಗೆ ನಡೆಯುತ್ತವೆ. ನಮ್ಮ ದಾಸವಾಳದ ಕುಂಡದಿಂದ ಅವು ಹೊರಡಲು ಆರು ದಿನ ಹಿಡಿಯಿತು. ಕಾದೆವು. ಗಿಡವೂ ಕಾಯಿತು.

ನೀರೆಷ್ಟು ಬೇಕು? ಕುಂಡದಲ್ಲಿ ಎಷ್ಟು ಮಣ್ಣು ಹಿಡಿಯುವುದೋ ಅದರ ಎರಡರಷ್ಟು ನೀರು ಎಂಬುದು ತೋಟಗಾರಿಕೆಯವರ ರೂಢಿ. 10 ಅಂಗುಲದ ಕುಂಡದಲ್ಲಿ ಸುಮಾರು 8 ಲೀಟರಿನಷ್ಟು ಮಣ್ಣಿರುತ್ತದೆ. ಅದಕ್ಕೆ 16 ಲೀಟರು, ಎಂದರೆ ಒಂದು ದೊಡ್ಡ ಬಕೆಟ್ಟು. ಹೊಲಗಳ ಲೆಕ್ಕದಲ್ಲೂ ಹೀಗೆಯೇ ಒಂದು ಅಂದಾಜು ಇದೆ: ಒಂದಡಿ ಆಳದ ಮಣ್ಣಿನ ಮೂಲಕ ಅರ್ಧ ಅಡಿ ನೀರು ಇಳಿದರೆ ಅರ್ಧದಷ್ಟು ಲವಣ, ಒಂದಡಿ ಇಳಿದರೆ ಐದರಲ್ಲಿ ನಾಲ್ಕು ಪಾಲು, ಎರಡಡಿ ಇಳಿದರೆ ಹತ್ತರಲ್ಲಿ ಒಂಬತ್ತು ಪಾಲು ಹೋಗುತ್ತದೆ. ಮೊದಲ ನೀರು ಮಾಡುವಷ್ಟು ಕೆಲಸವನ್ನು ಕೊನೆಯ ನೀರು ಮಾಡುವುದಿಲ್ಲ. ಆದ್ದರಿಂದ ಎರಡರಷ್ಟಕ್ಕಿಂತ ಹೆಚ್ಚು ಸುರಿಯುವುದು ನೀರಿನ ದಂಡ.

ಸುರಿಯುವ ಬಗೆ ಮುಖ್ಯ. ಬಕೆಟ್ಟನ್ನು ಒಮ್ಮೆಗೇ ಬಗ್ಗಿಸಿದರೆ ನೀರು ಕುಂಡದ ಗೋಡೆಗುಂಟ ಜಾರಿಹೋಗುತ್ತದೆ, ನಡುವಿನ ಮಣ್ಣು ಒಣಗಿಯೇ ಉಳಿಯುತ್ತದೆ. ಮೊದಲು ಒಂದು ಚೊಂಬು ಹಾಕಿ ಅರ್ಧ ಗಂಟೆ ಬಿಡಿ. ಒಳಗಿನ ಉಪ್ಪು ಕರಗಲಿ. ಆಮೇಲೆ ಚೊಂಬು ಚೊಂಬಾಗಿ, ಮೇಲೆ ನಿಂತದ್ದು ಇಳಿದ ನಂತರವೇ ಮುಂದಿನದು. ಬೆಳಗಿನ ಹೊತ್ತು, ನೆರಳಿನಲ್ಲಿ ಮಾಡಿ. ಮೊದಲು ಬರುವ ನೀರು ಚಹಾದ ಬಣ್ಣದ್ದು. ಬರಬರುತ್ತ ತಿಳಿಯಾಗುತ್ತದೆ. ಆ ಪೆನ್ನಿನ ಉಪಕರಣ ಇದ್ದರೆ ಕೆಳಗಿಳಿದ ನೀರಿಗೆ ಅದ್ದಿ ನೋಡಿ. ಅಮ್ಮನ ಮಲ್ಲಿಗೆಯಿಂದ ಮೊದಲು ಇಳಿದ ನೀರಿಗೆ ಅದ್ದಿದಾಗ ಅದು 4100 ತೋರಿಸಿತು. ನಾವು ಹಾಕಿದ್ದರ ಐದು ಪಟ್ಟು! ಇಳಿಯುವ ನೀರಿನ ಅಂಕಿ ಹಾಕುವ ನೀರಿನ ಅಂಕಿಯ ಹತ್ತಿರ ಬಂದರೆ ಕೆಲಸ ಮುಗಿಯಿತು.

ಯಾವ ನೀರಿನಿಂದ ತೊಳೆಯಬೇಕು ಎಂಬ ಪ್ರಶ್ನೆ ಉಳಿಯಿತು. 820 ಅಂಕಿಯ ನೀರಿನಿಂದ ಎಷ್ಟು ತೊಳೆದರೂ ಮಣ್ಣು ಅದಕ್ಕಿಂತ ತಿಳಿಯಾಗದು. ಮಳೆನೀರಿಗೆ ಸಮನಾದದ್ದಿಲ್ಲ. ಸೂರಿನ ನೀರನ್ನು ಡ್ರಮ್ಮಿಗೆ ಹಿಡಿದು, ಬಟ್ಟೆಯಲ್ಲಿ ಸೋಸಿ, ಸೊಳ್ಳೆ ಮೊಟ್ಟೆಯಿಡದಂತೆ ಬಾಯಿ ಕಟ್ಟಿಡಿ. ಪಟ್ಟಣದವರಿಗೆ ಹವಾನಿಯಂತ್ರಕದಿಂದ ತೊಟ್ಟಿಕ್ಕುವ ನೀರು ಉಂಟು. ಅದರಲ್ಲೂ ಲವಣ ಬಹಳ ಕಡಿಮೆ. ಆದರೆ ಕುಡಿಯುವ ನೀರು ಶುದ್ಧಿ ಮಾಡುವ ಯಂತ್ರ ಹೊರಗೆ ಬಿಡುವ ನೀರನ್ನು "ಪೋಲಾಗಬಾರದು" ಎಂಬ ಸದುದ್ದೇಶದಿಂದ ಕುಂಡಕ್ಕೆ ಹಾಕುವವರಿದ್ದಾರೆ. ದಯವಿಟ್ಟು ಬೇಡ. ನಿಮ್ಮ ಲೋಟಕ್ಕೆ ಬಾರದ ಲವಣವೆಲ್ಲ ಕೂಡಿರುವುದು ಅದರಲ್ಲೇ. ಅದರಿಂದ ನೆಲ ಒರೆಸಿ. ಬೇಳೆ ಬೇಯಿಸಿದ ಉಪ್ಪುನೀರೂ ಬೇಡ. ಅಕ್ಕಿ ತೊಳೆದ ನೀರಿಗೆ ಅಡ್ಡಿಯಿಲ್ಲ.

ಕುಂಡ ತೊಳೆದ ನೀರನ್ನು ಚರಂಡಿಗೆ ಬಿಡಬೇಕಾಗಿಲ್ಲ. ನಾವು ಕೆಳಗೆ ಬೋಗುಣಿ ಇಟ್ಟು ಹಿಡಿದು ತೆಂಗಿನ ಬುಡಕ್ಕೆ ಹಾಕುತ್ತೇವೆ. ಸಮುದ್ರದಂಚಿನಲ್ಲಿ ಬೆಳೆಯುವ ಮರ ಅದು, ಇಷ್ಟು ಉಪ್ಪಿಗೆ ಹೆದರುವುದಿಲ್ಲ. ಕಣಗಿಲೆ, ಕಾಗದದ ಹೂವಿನ ಗಿಡಗಳೂ ತಾಳಿಕೊಳ್ಳುತ್ತವೆ. ಗುಲಾಬಿ, ನಿಂಬೆ ಮಾತ್ರ ಸುಕುಮಾರಿಯರು. ಅವುಗಳ ಹತ್ತಿರ ಸುಳಿಯಗೊಡಬೇಡಿ.

ಕುಂಡದಲ್ಲಿ ಇಷ್ಟು ಸುಲಭವಾದ ಈ ಕೆಲಸ ಹೊಲದಲ್ಲಿ ಎಷ್ಟು ಕಷ್ಟವೆಂಬುದನ್ನು ತುಂಗಭದ್ರೆಯ ಸೀಮೆಯವರು ಬಲ್ಲರು. 1953ರಲ್ಲಿ ಅಲ್ಲಿ ಅಣೆಕಟ್ಟಿನಿಂದ ನೀರು ಹರಿಯತೊಡಗಿತು. ಹಗುರ ನೀರಿನ ಬೆಳೆಗೆಂದು ಯೋಚಿಸಿದ ಕಡೆಗಳಲ್ಲೂ ಭತ್ತ ಬಂತು. ಕಪ್ಪು ಮಣ್ಣಿನಲ್ಲಿ ನೀರು ಕೆಳಗಿಳಿಯದೆ ನಿಂತಿತು, ಅಂತರ್ಜಲ ಮೇಲೇರಿತು, ಜೊತೆಗೆ ಉಪ್ಪೂ ಮೇಲೆ ಬಂತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಬಹುಕಾಲದಿಂದ ಈ ಸವಳು ನೆಲದ ಮೇಲೆ ಕೆಲಸ ಮಾಡುತ್ತ ಬಂದಿದ್ದಾರೆ. ಅಲ್ಲಿ ನೆಲದೊಳಗೆ ಕೊಳವೆ ಹೂಳಿ ನೀರಿಗೆ ದಾರಿ ಮಾಡಬೇಕು. ನಮ್ಮ ಕುಂಡಕ್ಕೆ ಕುಂಬಾರನೇ ಒಂದು ತೂತು ಇಟ್ಟು ಕಳಿಸಿದ್ದಾನೆ.

ತೊಳೆದ ಮೇಲೆ ಊಟ

ತೊಳೆದ ನೀರಿನೊಡನೆ ಕೆಟ್ಟದ್ದಷ್ಟೇ ಹೋಗುವುದಿಲ್ಲ. ಸಾರಜನಕದ ಬಹುಪಾಲು, ಪೊಟಾಷಿನ ಒಂದಷ್ಟು ಭಾಗ ಹೋಗುತ್ತದೆ. ಆದ್ದರಿಂದ ಊಟ ಬೇಕೇ ಬೇಕು. ಆದರೆ ಅಂದೇ ಅಲ್ಲ. ಉಪವಾಸ ಮುಗಿಸಿದವರಿಗೆ ಮೊದಲು ಹೆಸರುಬೇಳೆಯ ತಿಳಿನೀರು ಕೊಡುತ್ತೇವೆಯೇ ಹೊರತು ಭೂರಿ ಭೋಜನ ಬಡಿಸುವುದಿಲ್ಲವಲ್ಲ. ಎರಡು ಮೂರು ವಾರ ಬರೀ ನೀರು ಹಾಕಿ ಕಾಯಿರಿ. ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ, ಅದನ್ನು ನೋಡಿ ಎದೆಗುಂದಬೇಡಿ. ಹೊಸ ಚಿಗುರು ಬಂತೇ ಎಂದು ನೋಡಿ. ಬಂದರೆ ಬೇರು ಕೆಲಸಕ್ಕೆ ಹತ್ತಿದೆ ಎಂದು ಅರ್ಥ.

ಆಗ ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು ಲೀಟರಿಗೆ ಅರ್ಧ ಗ್ರಾಮಿನಂತೆ, 15 ದಿನಕ್ಕೊಮ್ಮೆ ಕೊಡಬಹುದು. ಗಿಡ ಚೇತರಿಸಿದ ಮೇಲೂ ಒಂದು ಗ್ರಾಂ ದಾಟಬೇಡಿ. ಒಣ ಮಣ್ಣಿಗೆ ಎಂದಿಗೂ ಗೊಬ್ಬರದ ನೀರು ಹಾಕಬಾರದು. ಮೊದಲು ಬರೀ ನೀರು, ಅದು ಇಳಿದ ಮೇಲೆ ಗೊಬ್ಬರ. ಗಿಡ ಬೆಳೆಯದೆ ಸುಮ್ಮನಿರುವ ಚಳಿಗಾಲದಲ್ಲಿ ಗೊಬ್ಬರವೇ ಬೇಡ. ಗುಂಡುಮಲ್ಲಿಗೆಯನ್ನು ಸತ್ಯಮಂಗಲದ ಕಡೆಯ ಬೆಳೆಗಾರರು ನವೆಂಬರ್ ಕೊನೆಯ ಹೊತ್ತಿಗೆ ಸವರುತ್ತಾರೆ. ಸವರಿದ ಗಿಡ ಚಿಗುರುವಾಗ ಕೊಡುವ ಊಟವೇ ಬೇಸಿಗೆಯ ಹೂವಿಗೆ ಆಧಾರ.

ಸಾವಯವ ಗೊಬ್ಬರ ನಿಧಾನವಾಗಿ ಉಣಿಸುವುದರಿಂದ ಕುಂಡಕ್ಕೆ ಕ್ಷೇಮ. ಆದರೆ ಅಂಗಡಿಯಲ್ಲಿ ಸಿಗುವ "ಹೂವಿನ ಗೊಬ್ಬರ"ದ ಪೊಟ್ಟಣದ ಹಿಂದೆ ಏನು ಬರೆದಿದೆ ಎಂದು ಓದಿ ಕೊಳ್ಳಿ. ಅನೇಕದರಲ್ಲಿ ಮೂಳೆಯ ಪುಡಿ, ಕೆಲವದರಲ್ಲಿ ರಕ್ತದ ಅಥವಾ ಮೀನಿನ ಅಂಶ ಬೆರೆತಿರುತ್ತದೆ. ಅದನ್ನು ಮನೆಯ ಗಿಡಕ್ಕೆ ಹಾಕಲು, ಆ ಹೂವನ್ನು ಬಸದಿಗೆ ಒಯ್ಯಲು ನಮಗೆ ಮನಸ್ಸು ಬಾರದು. ಅವಿಲ್ಲದಿದ್ದರೆ ಗಿಡ ಹೂ ಬಿಡುವುದಿಲ್ಲವೆಂಬ ಮಾತು ಸುಳ್ಳು. ಚೆನ್ನಾಗಿ ಕಳಿತ ಸಗಣಿ ಗೊಬ್ಬರ, ಬೇವಿನ ಹಿಂಡಿ, ಹೊಂಗೆಯ ಹಿಂಡಿ ಬಹಳ ಸಾಕು. 10 ಅಂಗುಲದ ಕುಂಡಕ್ಕೆ ಎರಡು ತಿಂಗಳಿಗೊಮ್ಮೆ ಒಂದು ದೊಡ್ಡ ಚಮಚ ಹಿಂಡಿಯ ಪುಡಿಯನ್ನು ಮೇಲುಮಣ್ಣಿಗೆ ಬೆರೆಸಿದರೆ ಆಯಿತು. ಕಡಲೆಕಾಯಿ ಹಿಂಡಿಯನ್ನು ವಾರಗಟ್ಟಲೆ ನೀರಿನಲ್ಲಿ ಕೊಳೆಹಾಕುವ ಪದ್ಧತಿಯೊಂದಿದೆ. ಅದರಲ್ಲಿ ಹುಳು ಹುಟ್ಟುತ್ತವೆ, ನಾರುವುದೂ ಅಷ್ಟೇ; ಒಣ ಪುಡಿಯೇ ಮೇಲು. ಒಲೆಯ ಬೂದಿಯಲ್ಲಿ ಪೊಟಾಷ್ ಇರುವುದು ನಿಜ, ಆದರೆ ಅದು ಕ್ಷಾರ. ಗಡಸು ನೀರಿನಿಂದ ಆಗಲೇ ಕ್ಷಾರವಾದ ಮಣ್ಣಿಗೆ ಅದನ್ನು ಹಾಕಿದರೆ ಗಾಯದ ಮೇಲೆ ಬರೆ.

ಮಣ್ಣು ಬದಲಾಯಿಸುವಾಗ ತೆಂಗಿನ ನಾರಿನ ಪುಡಿ ಬಳಸುವವರೂ ಹೆಚ್ಚಿದ್ದಾರೆ. ಹಗುರ, ತೇವ ಹಿಡಿಯುತ್ತದೆ, ಎಲ್ಲ ಸರಿ. ಆದರೆ ತೊಳೆಯದ ನಾರಿನ ಪುಡಿಯಲ್ಲೇ ಬೇಕಾದಷ್ಟು ಉಪ್ಪಿರುತ್ತದೆ. ಎರಡು ಮೂರು ಸಲ ನೆನೆಸಿ ಹಿಂಡಿದ ಮೇಲೆ ಬಳಸಿ.

ದಿನದ ರೋಕಡದಲ್ಲೇ ಖರ್ಚು ಬರೆಯುತ್ತ ಹೋದರೆ ಇಷ್ಟೆಲ್ಲ ತೊಳೆಯುವ ಪ್ರಮೇಯ ಹೆಚ್ಚು ಬರುವುದಿಲ್ಲ. ದಿನವೂ ಒಂದೊಂದು ಲೋಟ ಚಿಮುಕಿಸುವ ಬದಲು, ಮಣ್ಣು ಬೆರಳಿಗೆ ಒಣಗಿದಂತೆ ತೋರಿದಾಗ ತುಂಬ ಹಾಕಿ. ಹತ್ತು ಪಾಲು ಹಾಕಿದರೆ ಒಂದು ಪಾಲಾದರೂ ತಳದಿಂದ ಹೊರಬರಬೇಕು. ತಟ್ಟೆಯಲ್ಲಿ ಬಿದ್ದದ್ದನ್ನು ಅರ್ಧ ಗಂಟೆಯೊಳಗೆ ಚೆಲ್ಲಿಬಿಡಿ. ಪೂರ್ತಿ ತೊಳೆಯುವುದನ್ನು ನಾಲ್ಕರಿಂದ ಆರು ತಿಂಗಳಿಗೊಮ್ಮೆ ಇಟ್ಟುಕೊಂಡರೆ ಸಾಕು. ನಾವು ಒಂದನ್ನು ಬೇಸಿಗೆಯ ಮೊದಲ ಮಳೆಗೆ, ಇನ್ನೊಂದನ್ನು ದೀಪಾವಳಿಗೆ ಗೊತ್ತುಮಾಡಿದ್ದೇವೆ. ಹೊಸ ಖಾತೆ ಪುಸ್ತಕ ತೆರೆಯುವ ದಿನಗಳಲ್ಲಿ ಕುಂಡದ ಹಳೆಯ ಬಾಕಿಯೂ ಚುಕ್ತಾ ಆಗುತ್ತದೆ. ನಮ್ಮ ಕಡೆ ಆ ಹೊತ್ತಿಗೆ ಮಳೆಯೂ ಇರುತ್ತದೆ.

ಅಮ್ಮನ ಮಲ್ಲಿಗೆಯ ಮಾತು ಹೇಳಿ ಮುಗಿಸುತ್ತೇನೆ. 2022ರ ಆ ಬೇಸಿಗೆಯಲ್ಲಿ ತೊಳೆದ ನಂತರ 19 ದಿನ ಏನೂ ಆಗಲಿಲ್ಲ. ಇಪ್ಪತ್ತನೆಯ ದಿನ ಕಪ್ಪಾದ ಅರ್ಧವನ್ನು ಬಿಟ್ಟು ಉಳಿದ ಅರ್ಧದ ಬುಡದಲ್ಲಿ ಅಕ್ಕಿಕಾಳಿನಷ್ಟು ಒಂದು ಹಸಿರು ಕಂಡಿತು. ಆ ವರ್ಷ ಹೂ ಬಿಡಲಿಲ್ಲ. ಮರುವರ್ಷ ಯುಗಾದಿಗೆ ಒಂಬತ್ತು ಹೂ. ಒಣಗಿದ ಭಾಗ ಮತ್ತೆ ಬರಲೇ ಇಲ್ಲ, ಗಿಡ ಇಂದಿಗೂ ಒಂದು ಕಡೆಗೆ ವಾಲಿಕೊಂಡಿದೆ. ಎಣ್ಣೆ ಡಬ್ಬದ ಗಿಡದಿಂದ ಒಂದು ಟೊಂಗೆಯನ್ನು ಆ ಹಿರಿಯರೇ ತಂದು ಪಕ್ಕದ ಕುಂಡದಲ್ಲಿ ನೆಟ್ಟಿದ್ದಾರೆ, "ಒಂದಕ್ಕೆ ಒಂದು ಜೊತೆ ಇರಲಿ" ಎಂದು.

ಈಗ ಜೋರು ಮಳೆ ಬರುವ ಸೂಚನೆ ಕಂಡರೆ ಮನೆಮಂದಿಯೆಲ್ಲ ಸೇರಿ 12 ಕುಂಡಗಳನ್ನು ಜಾಲರಿಯ ಆಚೆ ಅಂಗಳಕ್ಕೆ ಹೊರುತ್ತೇವೆ. ಮಳೆ ನಿಂತ ಕೂಡಲೇ ಕೋತಿಗಳು ಇಳಿಯುತ್ತವೆ. ಅದಕ್ಕೆ ಯಜಮಾನರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ಖಾಲಿ ಬಿಸ್ಕತ್ತಿನ ಡಬ್ಬ ಇಟ್ಟುಕೊಂಡು, ಆಗಾಗ ಅದನ್ನು ಬಡಿಯುತ್ತ ಲೆಕ್ಕ ಬರೆಯುತ್ತಿರುತ್ತಾರೆ.